ಶಾರ್ಕ್ ನೋಡುವ ಕಾಲ ಯಾವುದು? ಕಾಣಕೋಣದಿಂದ ನೇತ್ರಾಣಿಗೆ ಹೊರಡುವ ಕುಟುಂಬಗಳಿಗೊಂದು ಮಾರ್ಗದರ್ಶಿ

ಕಾಣಕೋಣವು ಗೋವೆಯ ದಕ್ಷಿಣದ ಕೊನೆಯ ತಾಲೂಕು. ಪೋಳೆಂ ಗಡಿ ದಾಟಿದರೆ ಮಾಜಾಳಿ, ಮುಂದೆ ಸದಾಶಿವಗಡ, ಕಾಳಿ ನದಿಯ ಆಚೆ ಕಾರವಾರ. ಅದೇ 66ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಮುರುಡೇಶ್ವರ. ಅಲ್ಲಿಂದ ಸುಮಾರು 19 ಕಿಲೋಮೀಟರ್ ದೂರದ ಕಡಲಿನಲ್ಲಿ ನೇತ್ರಾಣಿ ದ್ವೀಪ. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ಸಾಕ್ಷ್ಯಚಿತ್ರವು 2022ರಲ್ಲಿ ಬಿಡುಗಡೆಯಾದ ಮೇಲೆ ಈ ದ್ವೀಪದ ಸುತ್ತಲಿನ ನೀರೊಳಗಿನ ಲೋಕವು ನಮ್ಮ ಮಕ್ಕಳ ಮಾತಿನಲ್ಲಿಯೂ ಸೇರಿಕೊಂಡಿತು. ‘ಅಲ್ಲಿ ಶಾರ್ಕ್ ಕಾಣುತ್ತದೆಯೇ? ಯಾವ ತಿಂಗಳಲ್ಲಿ ಹೋಗಬೇಕು?’ ಎಂಬ ಪ್ರಶ್ನೆಗಳು ತರಗತಿಯಲ್ಲಿಯೂ ಪಾಲಕರ ಸಭೆಯಲ್ಲಿಯೂ ಪದೇ ಪದೇ ಕೇಳಿಬರುತ್ತವೆ. ಆ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ ದೊರೆಯಲೆಂದು ಈ ಲೇಖನವನ್ನು ಸಿದ್ಧಪಡಿಸಲಾಗಿದೆ.

ಮೊದಲು ಚಿಕ್ಕ ಉತ್ತರ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಅವಧಿ ಅತ್ಯುತ್ತಮ. ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗೆ ಹಾಗೂ ಮಾರ್ಚ್‌ನಿಂದ ಮೇ ಮೊದಲ ವಾರದವರೆಗೆ ಹೋಗಬಹುದಾದ ಕಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವಂತಿಲ್ಲ. ಆದರೆ ಈ ಪಂಚಾಂಗವು ನೀರು ತಿಳಿಯಾಗಿರುವ ಕಾಲವನ್ನು ಹೇಳುತ್ತದೆಯೇ ಹೊರತು ಶಾರ್ಕ್ ಬರುವ ದಿನವನ್ನು ಹೇಳುವುದಿಲ್ಲ. ಶಾರ್ಕ್ ಕಾಣದೆ ಮರಳುವ ಕುಟುಂಬಗಳೂ ಅನೇಕ. ಆದ್ದರಿಂದ ಪ್ರವಾಸದ ಯೋಜನೆಯು ಮೊದಲು ನೀರಿಗಾಗಿ ಮತ್ತು ಮಗುವಿಗಾಗಿ ಇರಬೇಕು. ಶಾರ್ಕ್ ಅನಂತರದ ಮಾತು.

ಅಲ್ಲಿ ಕಾಣುವ ಶಾರ್ಕ್‌ಗಳು ಯಾವುವು?

ಶಾರ್ಕ್ ನಮ್ಮ ಕರಾವಳಿಗೆ ಹೊಸದಲ್ಲ. ಕೊಂಕಣಿಯಲ್ಲಿ ಅದು ಮೋರಿ, ತುಳುವಿನಲ್ಲಿ ತಾಟೆ, ಕಾಸರಗೋಡಿನ ಮಲಯಾಳದಲ್ಲಿ ಸ್ರಾವು. ಕಾಣಕೋಣದ ಚಾವಡಿ ಮಾರುಕಟ್ಟೆಯಲ್ಲಿ ಮೀನು ಕೊಳ್ಳುವವರು ಚಿಕ್ಕ ಮೋರಿಯನ್ನು ನೋಡಿರುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಹೆಚ್ಚಾಗಿ ಬಲೆಗೆ ಬೀಳುವ ಚಪ್ಪಟೆ ಮೂತಿಯ ಚಿಕ್ಕ ಶಾರ್ಕ್ ಒಂದು ಮೀಟರಿಗಿಂತಲೂ ಕಡಿಮೆ ಉದ್ದದ್ದು. ಅದನ್ನು ಕಂಡು ‘ಇದು ಮರಿ, ದೊಡ್ಡದಾದರೆ ಮನುಷ್ಯನನ್ನು ತಿನ್ನುತ್ತದೆ’ ಎಂದು ಮಕ್ಕಳಿಗೆ ಹೇಳುವುದು ತಪ್ಪು. ಅದು ಬೆಳೆಯುವುದೇ ಅಷ್ಟು.

ನೇತ್ರಾಣಿಯ ಸುತ್ತ ಮುಳುಗುಗಾರರಿಗೆ ಕಾಣಸಿಗುವವು ಬೇರೆ ಜಾತಿಯವು. ಮೊದಲನೆಯದು ಕಪ್ಪುತುದಿಯ ಹವಳದಿಬ್ಬದ ಶಾರ್ಕ್. ರೆಕ್ಕೆಗಳ ತುದಿ ಮಸಿಯಲ್ಲಿ ಅದ್ದಿದಂತೆ ಕಪ್ಪಾಗಿರುವುದರಿಂದ ಈ ಹೆಸರು. ಸಾಮಾನ್ಯವಾಗಿ ಒಂದೂವರೆ ಮೀಟರ್ ಆಸುಪಾಸಿನ ಉದ್ದ, ಬಹಳ ಸಂಕೋಚದ ಸ್ವಭಾವ. ಜನರ ಗುಂಪು ಗದ್ದಲದಿಂದ ನೀರಿಗಿಳಿದರೆ ಅದು ದೂರ ಸರಿಯುತ್ತದೆ. ಎರಡನೆಯದು ಬಿದಿರು ಶಾರ್ಕ್. ಇದು ಬಂಡೆಯ ಸಂದಿನಲ್ಲಿ ಹಗಲೆಲ್ಲ ಮಲಗಿರುವ, ರಾತ್ರಿ ಬೇಟೆಗೆ ಹೊರಡುವ ನಿರುಪದ್ರವಿ. ಮಾರ್ಗದರ್ಶಕರು ಕೈತೋರಿಸದ ಹೊರತು ಹೊಸಬರ ಕಣ್ಣಿಗೆ ಬೀಳುವುದು ಅಪರೂಪ.

ಮೂರನೆಯದು ತಿಮಿಂಗಿಲ ಶಾರ್ಕ್. ಇದು ತಿಮಿಂಗಿಲವಲ್ಲ, ಕಿವಿರಿನಿಂದ ಉಸಿರಾಡುವ, ಜಗತ್ತಿನ ಅತಿ ದೊಡ್ಡ ಮೀನು. ಹನ್ನೆರಡು ಮೀಟರ್ ಮತ್ತು ಅದಕ್ಕೂ ಹೆಚ್ಚು ಬೆಳೆಯುತ್ತದೆ. ಆಹಾರವೋ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು ಹಾಗೂ ಚಿಕ್ಕ ಮೀನುಗಳು. ಅರಬ್ಬೀ ಸಮುದ್ರದಲ್ಲಿ ಇದರ ಪ್ರಸಿದ್ಧ ತಾಣ ಗುಜರಾತಿನ ಸೌರಾಷ್ಟ್ರ ಕರಾವಳಿ. ನೇತ್ರಾಣಿಯಲ್ಲಿ ಇದು ಅತಿಥಿ ಮಾತ್ರ, ಬಂದರೆ ಭಾಗ್ಯ. ‘ಖಂಡಿತ ತೋರಿಸುತ್ತೇವೆ’ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ನಂಬಬೇಡಿ.

ಭಯದ ವಿಷಯದಲ್ಲಿ ಎರಡು ಸಂಖ್ಯೆಗಳನ್ನು ಮಕ್ಕಳ ಮುಂದಿಡಿ. ಜಗತ್ತಿನಾದ್ಯಂತ ಮನುಷ್ಯರು ಕೆಣಕದೆ ಶಾರ್ಕ್ ಕಚ್ಚಿದ ಪ್ರಕರಣಗಳು ವರ್ಷಕ್ಕೆ ಸರಾಸರಿ ಅರವತ್ತು ಎಪ್ಪತ್ತರ ಆಸುಪಾಸು. ಮನುಷ್ಯರು ಕೊಲ್ಲುವ ಶಾರ್ಕ್‌ಗಳ ಸಂಖ್ಯೆ ವರ್ಷಕ್ಕೆ ಸುಮಾರು ಹತ್ತು ಕೋಟಿ ಎಂಬುದು 2013ರಲ್ಲಿ ವಿಜ್ಞಾನಿಗಳು ಮಾಡಿದ ಅಂದಾಜು. ಯಾರು ಯಾರಿಗೆ ಹೆದರಬೇಕೆಂಬುದನ್ನು ಮಕ್ಕಳೇ ನಿರ್ಣಯಿಸಲಿ.

ಕಡಲಿನ ಪಂಚಾಂಗ: ತಿಂಗಳಿನಿಂದ ತಿಂಗಳಿಗೆ

ಶಾರ್ಕ್ ಕಾಣಬೇಕಾದರೆ ಮೊದಲು ನೀರು ಕಾಣಬೇಕು. ಮುಳುಗುಗಾರನಿಗೆ ಅಡ್ಡಲಾಗಿ ಎಷ್ಟು ದೂರ ಕಾಣುತ್ತದೆ ಎಂಬುದನ್ನು ನೋಟದ ದೂರ ಎನ್ನಬಹುದು. ಇದು ಮಳೆ, ನದಿ, ಗಾಳಿ ಮತ್ತು ಪ್ರವಾಹಗಳ ಲೆಕ್ಕದ ಮೇಲೆ ನಿಂತಿದೆ.

ಜೂನ್‌ನಿಂದ ಸೆಪ್ಟೆಂಬರ್: ನೈಋತ್ಯ ಮಾನ್ಸೂನಿನ ಕಾಲ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಘಟ್ಟದ ಕೆಂಪು ಮಣ್ಣನ್ನು ಹೊತ್ತು ಕಡಲಿಗೆ ಸುರಿಯುತ್ತವೆ. ಅಲೆಗಳು ದೊಡ್ಡವು. ಇದೇ ಅವಧಿಯಲ್ಲಿ ಆಳದ ತಣ್ಣನೆಯ, ಪ್ರಾಣವಾಯು ಕಡಿಮೆಯಿರುವ ನೀರು ಕರಾವಳಿಯತ್ತ ಮೇಲೇಳುತ್ತದೆ. ಸೂಕ್ಷ್ಮ ಸಸ್ಯಗಳು ಹೆಚ್ಚಿ ನೀರು ಹಸಿರಾಗುತ್ತದೆ. ಮೀನಿನ ಸಂತತಿಗೆ ಇದು ಅಗತ್ಯವಾದ ಕಾಲ. ಕರ್ನಾಟಕ ಮತ್ತು ಗೋವೆಗಳೆರಡರಲ್ಲಿಯೂ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುವುದೂ ಇದೇ ಕಾರಣಕ್ಕೆ. ನೇತ್ರಾಣಿಯ ಮುಳುಗು ಯಾತ್ರೆಗಳೂ ಆಗ ನಿಂತಿರುತ್ತವೆ.

ಅಕ್ಟೋಬರ್ ಮತ್ತು ನವೆಂಬರ್: ದೋಣಿಗಳು ಮತ್ತೆ ಹೊರಡುತ್ತವೆ, ನೀರು ನಿಧಾನವಾಗಿ ತಿಳಿಯಾಗುತ್ತದೆ. ಆದರೆ ಚಂಡಮಾರುತದ ಭಯವಿದೆ. 2019ರ ಅಕ್ಟೋಬರ್‌ನಲ್ಲಿ ಕ್ಯಾರ್ ಚಂಡಮಾರುತವು ನಮ್ಮ ಕರಾವಳಿಯನ್ನು ಕಂಗೆಡಿಸಿದ್ದು ನೆನಪಿರಬಹುದು. ದಸರಾ ರಜೆಗಿಂತ ದೀಪಾವಳಿಯ ರಜೆ ಉತ್ತಮ. ಕಾಯ್ದಿರಿಸಿದ ಹಣ ಮರಳುವ ನಿಯಮವನ್ನು ಕೇಳಿ ತಿಳಿದುಕೊಂಡೇ ಮುಂದುವರಿಯಿರಿ.

ಡಿಸೆಂಬರ್‌ನಿಂದ ಫೆಬ್ರುವರಿ: ಮಳೆಯಿಲ್ಲ, ನದಿಗಳು ಶಾಂತ, ಬೆಳಗಿನ ಗಾಳಿ ಭೂಮಿಯಿಂದ ಕಡಲಿನತ್ತ ಬೀಸುತ್ತದೆ. ಕರಾವಳಿಯ ಪ್ರವಾಹವು ದಿಕ್ಕು ಬದಲಿಸಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತದೆ. ನೋಟದ ದೂರವು ಒಳ್ಳೆಯ ದಿನಗಳಲ್ಲಿ 15ರಿಂದ 20 ಮೀಟರ್ ತಲುಪುತ್ತದೆ. ದಿಬ್ಬದ ಅಂಚಿನಲ್ಲಿ ದೂರದಿಂದಲೇ ಸುಳಿದುಹೋಗುವ ಕಪ್ಪುತುದಿಯ ಶಾರ್ಕ್ ಕಣ್ಣಿಗೆ ಬೀಳುವ ಸಂಭವ ಈ ಮೂರು ತಿಂಗಳಲ್ಲಿಯೇ ಹೆಚ್ಚು. ಗೋವೆಯ ಶಾಲೆಗಳಿಗೆ ಕ್ರಿಸ್‌ಮಸ್ ರಜೆಯೂ ಈ ನಡುವೆ ಬರುತ್ತದೆ. ಆದರೆ ಆ ವಾರದಲ್ಲಿ ಮುರುಡೇಶ್ವರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೋಣಿಯಲ್ಲಿ ಜನ ಹೆಚ್ಚಾದಷ್ಟೂ ನೀರೊಳಗೆ ಗದ್ದಲ ಹೆಚ್ಚು, ಶಾರ್ಕ್ ದೂರ. ಸಾಧ್ಯವಿದ್ದವರು ಜನವರಿಯ ಎರಡನೆಯ ವಾರದಿಂದ ಫೆಬ್ರುವರಿಯವರೆಗಿನ ಒಂದು ಶನಿವಾರ, ಭಾನುವಾರವನ್ನು ಆರಿಸಿಕೊಳ್ಳುವುದು ಮೇಲು.

ಮಾರ್ಚ್‌ನಿಂದ ಮೇ ಮೊದಲ ವಾರ: ನೀರು ಬೆಚ್ಚಗಾಗುತ್ತದೆ, ಮಧ್ಯಾಹ್ನದ ಗಾಳಿ ಬಲಗೊಳ್ಳುತ್ತದೆ, ಕೆಲವು ದಿನ ನೀರು ಹಸಿರಾಗಿ ಮಬ್ಬಾಗುತ್ತದೆ. ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಈ ಕಾಲಕ್ಕೇ ಬೀಳುವುದರಿಂದ ಬಂಧುಗಳೊಡನೆ ಹೋಗಬಯಸುವವರು ಏಪ್ರಿಲ್ ಮೊದಲಾರ್ಧಕ್ಕೆ ಮುಗಿಸಿಕೊಳ್ಳಲಿ. ಈ ತಿಂಗಳುಗಳಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಹುಟ್ಟಿದ ಉಬ್ಬಲೆಗಳು ಮುನ್ಸೂಚನೆಯಿಲ್ಲದಂತೆ ದಡಕ್ಕೆ ನುಗ್ಗುವುದುಂಟು. ಮಲಯಾಳದ ಮೀನುಗಾರರು ಇದನ್ನು ‘ಕಳ್ಳಕ್ಕಡಲ್’, ಅಂದರೆ ಕಳ್ಳನಂತೆ ಬರುವ ಕಡಲು ಎನ್ನುತ್ತಾರೆ. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಇದರ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಹೊರಡುವ ಹಿಂದಿನ ದಿನ ನೋಡಿಕೊಳ್ಳಿ. ಮೇ ತಿಂಗಳ ಚಂಡಮಾರುತಕ್ಕೆ 2021ರ ತೌಕ್ತೆ ಉದಾಹರಣೆ.

ತಿಂಗಳು ಗೊತ್ತಾದ ಮೇಲೆ ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ಉಬ್ಬರವಿಳಿತದ ಅಂತರ ಹೆಚ್ಚು. ನೀರಿನ ಸೆಳೆತವೂ ಕೆಸರೂ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಅಂತರ ಕಡಿಮೆ, ನೀರು ಶಾಂತ. ಗೋಡೆಯ ಮೇಲೆ ತೂಗುಹಾಕಿದ ಕ್ಯಾಲೆಂಡರಿನಲ್ಲಿಯೇ ಇದು ಸಿಗುತ್ತದೆ. ಹೊತ್ತಿನ ಆಯ್ಕೆಯಲ್ಲಿ ಬೆಳಗಿನ ಮೊದಲ ದೋಣಿಯೇ ಶ್ರೇಷ್ಠ.

ಕಾಣಕೋಣದಿಂದ ದಾರಿ

ಕಾಣಕೋಣದಿಂದ ಕಾರವಾರಕ್ಕೆ ಸುಮಾರು 40 ಕಿಲೋಮೀಟರ್. ಅಲ್ಲಿಂದ ಅಂಕೋಲಾ, ಕುಮಟಾ, ಹೊನ್ನಾವರಗಳ ಮೂಲಕ ಮುರುಡೇಶ್ವರಕ್ಕೆ ಇನ್ನೂ ಸುಮಾರು 120 ಕಿಲೋಮೀಟರ್. ಕೊಂಕಣ ರೈಲು ಮಾರ್ಗದಲ್ಲಿ ಕಾಣಕೋಣಕ್ಕೂ ಮುರುಡೇಶ್ವರಕ್ಕೂ ನಿಲ್ದಾಣಗಳಿವೆ. ಎಲ್ಲ ರೈಲುಗಳೂ ಎರಡೂ ಕಡೆ ನಿಲ್ಲುವುದಿಲ್ಲವಾದ್ದರಿಂದ ವೇಳಾಪಟ್ಟಿಯನ್ನು ಮೊದಲೇ ಪರಿಶೀಲಿಸಬೇಕು. ಬಸ್ಸಿನಲ್ಲಿ ಹೋಗುವವರು ಕಾರವಾರದಲ್ಲಿ ಬದಲಿಸಿಕೊಳ್ಳಬಹುದು. ದೋಣಿ ಬೆಳಿಗ್ಗೆಯೇ ಹೊರಡುವುದರಿಂದ ಹಿಂದಿನ ರಾತ್ರಿ ಮುರುಡೇಶ್ವರದಲ್ಲಿಯೋ ಭಟ್ಕಳದಲ್ಲಿಯೋ ತಂಗುವುದು ಅನಿವಾರ್ಯ. ನಿದ್ದೆಗೆಟ್ಟು, ದಣಿದು ನೀರಿಗಿಳಿಯಬಾರದು.

ದೋಣಿಯಲ್ಲಿ ದ್ವೀಪಕ್ಕೆ ಒಂದರಿಂದ ಒಂದೂವರೆ ಗಂಟೆ. ನೇತ್ರಾಣಿಯನ್ನು ಪಾರಿವಾಳ ದ್ವೀಪವೆಂದೂ ಕರೆಯುವುದುಂಟು. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡಿನ ತಾಣ. ಮೀನುಗಾರರಿಗೆ ಇದು ಹರಕೆಯ ಜಾಗವೂ ಹೌದು. ಅವರು ಹರಕೆಯಾಗಿ ಬಿಟ್ಟ ಆಡುಗಳು ಅಲ್ಲಿವೆ. ನೌಕಾಪಡೆಯು ಗುರಿಯಿಡುವ ಅಭ್ಯಾಸಕ್ಕೆ ಈ ದ್ವೀಪವನ್ನು ಬಳಸಿದೆ. ಅಂತಹ ದಿನಗಳಲ್ಲಿ ಯಾತ್ರೆ ರದ್ದಾಗುತ್ತದೆ. ಮುಳುಗಲು ಬಂದವರು ದ್ವೀಪದ ಮೇಲೆ ಇಳಿಯುವುದಿಲ್ಲ, ಎಲ್ಲವೂ ದೋಣಿಯಿಂದಲೇ.

ಅಷ್ಟು ದೂರ ಹೋಗಲಾಗದವರಿಗೆ ವಾಸ್ಕೋ ಸಮೀಪದ ಗ್ರಾಂಡೆ ದ್ವೀಪ ಹತ್ತಿರವಾದೀತು. ಅಲ್ಲಿ ಮುಳುಗಿದ ಹಡಗುಗಳ ಅವಶೇಷಗಳೂ ದಿಬ್ಬದ ಮೀನುಗಳೂ ಇವೆ. ನೀರು ಮಾತ್ರ ನೇತ್ರಾಣಿಯಷ್ಟು ತಿಳಿಯಲ್ಲ. ಉತ್ತರಕ್ಕೆ ಸಿಂಧುದುರ್ಗ ಜಿಲ್ಲೆಯ ಮಾಲ್ವಣ ಮತ್ತು ತಾರ್ಕರ್ಲಿಗಳಲ್ಲಿಯೂ ಮುಳುಗು ಕಲಿಸುವ ವ್ಯವಸ್ಥೆಯಿದೆ. ಶಾರ್ಕ್ ಕಾಣುವ ಸಂಭವ ಇನ್ನೂ ಹೆಚ್ಚಿರಬೇಕೆಂದರೆ ಲಕ್ಷದ್ವೀಪ, ಅಂಡಮಾನ್‌ಗಳಿಗೆ ಹೋಗಬೇಕು. ಅದು ಬೇರೆಯೇ ಖರ್ಚಿನ ಮಾತು.

ವಯಸ್ಸು ಮತ್ತು ಆರೋಗ್ಯ

ಅಂತರರಾಷ್ಟ್ರೀಯ ತರಬೇತಿ ಸಂಸ್ಥೆಯಾದ ಪಾಡಿಯ ನಿಯಮದಂತೆ ಕಡಲಿನಲ್ಲಿ ಪರಿಚಯದ ಮುಳುಗಿಗೆ ಕನಿಷ್ಠ ವಯಸ್ಸು 10. ಆಳದ ಮಿತಿ 12 ಮೀಟರ್. ಎಂಟು, ಒಂಬತ್ತು ವರ್ಷದ ಮಕ್ಕಳಿಗೆ ಈಜುಕೊಳದ ಎರಡು ಮೀಟರ್ ಆಳದ ಅನುಭವ ಮಾತ್ರ. ಪರಿಚಯದ ಮುಳುಗಿಗೆ ಈಜು ಬರಬೇಕೆಂದು ಹಲವು ಕಡೆ ಕೇಳುವುದಿಲ್ಲ. ಆದರೂ ಈಜು ಕಲಿಯದ ಮಗುವನ್ನು ಕಳುಹಿಸಬೇಡಿ ಎಂಬುದು ಶಿಕ್ಷಕನಾಗಿ ನನ್ನ ಸಲಹೆ. ಪೂರ್ಣ ತರಬೇತಿಯ ಪ್ರಮಾಣಪತ್ರಕ್ಕೆ 200 ಮೀಟರ್ ಈಜು ಮತ್ತು ಹತ್ತು ನಿಮಿಷ ತೇಲುವಿಕೆಯ ಪರೀಕ್ಷೆ ಇದೆ. ಡಿಸೆಂಬರ್‌ನಲ್ಲಿ ಹೋಗುವವರು ಈಜಿನ ಪಾಠವನ್ನು ಅದಕ್ಕೆ ಕೆಲವು ತಿಂಗಳ ಮೊದಲೇ ಆರಂಭಿಸಲಿ.

ಆರನೆಯ, ಏಳನೆಯ ತರಗತಿಯ ವಿಜ್ಞಾನವೇ ಇಲ್ಲಿ ಪ್ರಾಣರಕ್ಷಕ. ನೀರಿನಲ್ಲಿ ಹತ್ತು ಮೀಟರ್ ಇಳಿದರೆ ಒತ್ತಡ ದುಪ್ಪಟ್ಟಾಗುತ್ತದೆ. ಇಳಿಯುವಾಗ ಕಿವಿಯ ಒಳಗಿನ ಒತ್ತಡವನ್ನು ಮೂಗು ಹಿಡಿದು ಮೆಲ್ಲಗೆ ಊದಿ ಸರಿಪಡಿಸಿಕೊಳ್ಳಬೇಕು. ನೋವಾದರೆ ಮುಂದೆ ಇಳಿಯಬಾರದು. ಮೇಲೇರುವಾಗ ಶ್ವಾಸಕೋಶದ ಗಾಳಿ ಹಿಗ್ಗುತ್ತದೆ. ಆಗ ಉಸಿರು ಬಿಗಿಹಿಡಿದರೆ ಶ್ವಾಸಕೋಶ ಹರಿಯುವ ಅಪಾಯವಿದೆ. ಆದ್ದರಿಂದಲೇ ‘ಉಸಿರು ಎಂದಿಗೂ ಹಿಡಿಯಬೇಡ’ ಎಂಬುದು ಮೊದಲ ನಿಯಮ. ಆಸ್ತಮಾ, ಮೂರ್ಛೆರೋಗ, ಹೃದಯದ ತೊಂದರೆ, ಕಿವಿಯ ಸೋರುವಿಕೆ ಇರುವವರೂ ಇತ್ತೀಚೆಗೆ ಶಸ್ತ್ರಚಿಕಿತ್ಸೆಯಾದವರೂ ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಬಾರದು. ನೆಗಡಿಯಿದ್ದ ದಿನ ಯಾರೂ ಇಳಿಯಬಾರದು.

ಗಡಿನಾಡಿನ ಕುಟುಂಬಗಳು ಮರೆಯುವ ಮಾತೊಂದಿದೆ. ಮುಳುಗಿದ ಮೇಲೆ ದೇಹದಲ್ಲಿ ಕರಗಿದ ಸಾರಜನಕವು ನಿಧಾನವಾಗಿ ಹೊರಹೋಗಬೇಕು. ಅದಕ್ಕೆ ಮೊದಲೇ ಎತ್ತರದ ಜಾಗಕ್ಕೆ ಹೋದರೆ ಅದು ಗುಳ್ಳೆಗಟ್ಟಿ ತೊಂದರೆ ಕೊಡಬಹುದು. ಒಂದು ಮುಳುಗಿನ ಬಳಿಕ ಕನಿಷ್ಠ 12 ಗಂಟೆ, ಹಲವು ಮುಳುಗುಗಳ ಬಳಿಕ 18 ಗಂಟೆ ವಿಮಾನವೇರಬಾರದೆಂಬ ಶಿಫಾರಸು ಸಮುದ್ರಮಟ್ಟದಿಂದ ಸುಮಾರು 600 ಮೀಟರಿಗಿಂತ ಎತ್ತರದ ಜಾಗಗಳಿಗೂ ಹೊಂದುತ್ತದೆ. ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಬೆಂಗಳೂರು ಎಲ್ಲವೂ ಆ ಎತ್ತರವನ್ನು ಮೀರಿದವು. ಆದುದರಿಂದ ಮುಳುಗಿದ ಸಂಜೆಯೇ ಘಟ್ಟ ಹತ್ತಿ ಊರಿಗೆ ಹೋಗುವ ಯೋಜನೆ ಬೇಡ. ಕಾಣಕೋಣಕ್ಕೆ ಕರಾವಳಿಯ ದಾರಿಯಲ್ಲಿ ಮರಳುವವರಿಗೆ ಈ ತೊಡಕಿಲ್ಲ.

ಸೂಚನೆ ಯಾವ ಭಾಷೆಯಲ್ಲಿ?

ಕೆಲವು ವರ್ಷಗಳ ಹಿಂದೆ ನಾಲ್ಕು ಕುಟುಂಬಗಳೊಡನೆ ನಾನು ಮುಳುಗು ಯಾತ್ರೆಯೊಂದಕ್ಕೆ ಹೋಗಿದ್ದೆ. ದೋಣಿಯಲ್ಲಿ ಸುರಕ್ಷತೆಯ ಸೂಚನೆಗಳನ್ನು ಹಿಂದಿ ಮತ್ತು ಇಂಗ್ಲಿಷಿನಲ್ಲಿ ವೇಗವಾಗಿ ಹೇಳಿ ಮುಗಿಸಿದರು. ಏಳನೆಯ ತರಗತಿಯ ಹುಡುಗನೊಬ್ಬ ಎಲ್ಲದಕ್ಕೂ ತಲೆಯಾಡಿಸಿದ. ಅವನನ್ನು ಪಕ್ಕಕ್ಕೆ ಕರೆದು ಹೆಬ್ಬೆರಳು ಮೇಲೆತ್ತಿ ‘ಇದರ ಅರ್ಥವೇನು?’ ಎಂದು ಕನ್ನಡದಲ್ಲಿ ಕೇಳಿದೆ. ‘ಚೆನ್ನಾಗಿದೆ ಅಂತ ಸರ್’ ಎಂದ. ನೀರೊಳಗೆ ಆ ಸನ್ನೆಯ ಅರ್ಥ ‘ಮೇಲೆ ಹೋಗೋಣ’. ‘ಸರಿಯಿದ್ದೇನೆ’ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳನ್ನು ಸೇರಿಸಿ ಸುತ್ತು ಮಾಡಬೇಕು. ಅವನು ತಪ್ಪು ಸನ್ನೆ ತೋರಿಸಿದ್ದರೆ ಹೆಚ್ಚೆಂದರೆ ಮುಳುಗು ಬೇಗ ಮುಗಿಯುತ್ತಿತ್ತು. ಆದರೆ ಅವನಿಗೆ ತಿಳಿಯದೇ ಉಳಿದ ಬೇರೆ ಸೂಚನೆಗಳು ಯಾವುವು ಎಂಬ ಪ್ರಶ್ನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಅಂದು ಪಾಲಕರು ಸಹಿ ಹಾಕಿದ ಒಪ್ಪಿಗೆ ಪತ್ರವೂ ಇಂಗ್ಲಿಷಿನಲ್ಲಿಯೇ ಇತ್ತು. ಮಗುವಿನ ಆರೋಗ್ಯದ ಪ್ರಶ್ನೆಗಳಿಗೆ ಓದದೆಯೇ ‘ಇಲ್ಲ’ ಎಂದು ಗುರುತು ಹಾಕಿದವರಿದ್ದರು. ತಿಳಿಯದ ಭಾಷೆಯಲ್ಲಿ ತಲೆಯಾಡಿಸುವುದು ನಮ್ಮ ಮಕ್ಕಳಿಗೆ ಕಚೇರಿಯಲ್ಲಿಯೂ ಆಸ್ಪತ್ರೆಯಲ್ಲಿಯೂ ಅಭ್ಯಾಸವಾಗಿಬಿಟ್ಟಿದೆ. ಕಡಲಿನಲ್ಲಿ ಅದು ನಡೆಯದು. ಕಾಯ್ದಿರಿಸುವಾಗಲೇ ಈ ಐದು ಪ್ರಶ್ನೆಗಳನ್ನು ಕೇಳಿ:

1. ಕನ್ನಡದಲ್ಲಿ ಸೂಚನೆ ನೀಡುವ ತರಬೇತುದಾರರು ಅಂದು ದೋಣಿಯಲ್ಲಿ ಇರುತ್ತಾರೆಯೇ?
2. ಒಬ್ಬ ತರಬೇತುದಾರರಿಗೆ ಎಷ್ಟು ಮಕ್ಕಳು? ಹೊಸ ಮಗುವಿಗೆ ಒಬ್ಬರು ಎಂಬುದೇ ಸುರಕ್ಷಿತ.
3. ಒಪ್ಪಿಗೆ ಪತ್ರ ಮತ್ತು ಆರೋಗ್ಯ ಪತ್ರವನ್ನು ಮೊದಲೇ ಕಳುಹಿಸುವಿರಾ?
4. ದೋಣಿಯಲ್ಲಿ ತುರ್ತು ಆಮ್ಲಜನಕ, ಜೀವರಕ್ಷಕ ಅಂಗಿ, ಸಂಪರ್ಕ ಸಾಧನ ಇವೆಯೇ?
5. ಹವಾಮಾನ ಕೆಟ್ಟರೆ ಹಣ ಮರಳುತ್ತದೆಯೇ?

ಈ ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಗದಿದ್ದರೆ ಬೇರೆಡೆ ವಿಚಾರಿಸಿ. ಮುರುಡೇಶ್ವರವು ಕನ್ನಡದ ನೆಲ. ಅಲ್ಲಿ ಕನ್ನಡದಲ್ಲಿ ಸೂಚನೆ ಕೇಳುವುದು ನಮ್ಮ ಹಕ್ಕು, ಸಂಕೋಚಪಡಬೇಕಾದ ವಿಷಯವಲ್ಲ.

ಡಿಸೆಂಬರ್‌ನ ಶಾಂತ ಕಡಲನ್ನು ನಂಬಬೇಡಿ

2024ರ ಡಿಸೆಂಬರ್ 10ರಂದು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲೂಕಿನ ವಸತಿ ಶಾಲೆಯೊಂದರಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಈ ಲೇಖನವು ಅತ್ಯುತ್ತಮವೆಂದು ಹೇಳಿದ ತಿಂಗಳೇ ಅದು. ಆ ಮಕ್ಕಳು ದೂರದ ದ್ವೀಪಕ್ಕೆ ಹೋಗಿರಲಿಲ್ಲ, ದಡದಲ್ಲಿಯೇ ನೀರಿಗಿಳಿದಿದ್ದರು. ಮುಳುಗು ಯಾತ್ರೆಗೆ ಬಂದ ಕುಟುಂಬಗಳೂ ಇಲ್ಲಿಯೇ ಎಚ್ಚರ ತಪ್ಪುವುದು. ದೋಣಿಯಲ್ಲಿ ಜೀವರಕ್ಷಕ ಅಂಗಿ ತೊಟ್ಟ ಮಗು ಸಂಜೆ ದಡದ ಅಲೆಗಳಲ್ಲಿ ಬರಿಮೈಯಲ್ಲಿ ಆಡುತ್ತದೆ. ದಡದ ಹಿಂಸೆಳೆತವು ಮೊಣಕಾಲುದ್ದ ನೀರಿನಿಂದಲೂ ಮಗುವನ್ನು ಒಯ್ಯಬಲ್ಲದು. ಅದಕ್ಕೆ ಸಿಲುಕಿದರೆ ದಡದತ್ತ ನೇರವಾಗಿ ಈಜಲು ಹೆಣಗಬಾರದು. ತೇಲುತ್ತ ಕೈಯೆತ್ತಿ ಕೂಗಬೇಕು, ಸೆಳೆತ ಸಡಿಲಿದ ಮೇಲೆ ದಡಕ್ಕೆ ಸಮಾನಾಂತರವಾಗಿ ಈಜಬೇಕು. ಕೆಂಪು ಬಾವುಟವಿದ್ದಲ್ಲಿ, ಜೀವರಕ್ಷಕರಿಲ್ಲದಲ್ಲಿ ಮಕ್ಕಳನ್ನು ನೀರಿಗಿಳಿಸಬೇಡಿ. ಪಾಲೋಳೆಂ, ಅಗೊಂದಗಳ ದಡಕ್ಕೂ ಇದೇ ಮಾತು ಅನ್ವಯಿಸುತ್ತದೆ.

ನೀರೊಳಗಿನ ನಡವಳಿಕೆ

ಶಾರ್ಕ್ ಕಂಡರೆ ಬೆನ್ನಟ್ಟಬಾರದು, ಮುಟ್ಟಬಾರದು, ಆಹಾರ ಹಾಕಬಾರದು. ಒಂದೆಡೆ ನಿಂತು ನಿಧಾನವಾಗಿ ಉಸಿರಾಡುತ್ತಿದ್ದರೆ ಅದೇ ಒಮ್ಮೆ ಸುತ್ತಿ ಬರಬಹುದು. ಹವಳದ ಮೇಲೆ ಕಾಲಿಡಬಾರದು. ಅದು ಕಲ್ಲಲ್ಲ, ಜೀವಿಗಳ ವಸಾಹತು.

ಕಾನೂನನ್ನೂ ಮಕ್ಕಳು ತಿಳಿದಿರಲಿ. ತಿಮಿಂಗಿಲ ಶಾರ್ಕ್ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲಿದೆ. ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಶಾರ್ಕಿನ ರೆಕ್ಕೆ ಕತ್ತರಿಸಿ ದೇಹವನ್ನು ಕಡಲಿಗೆಸೆಯುವುದನ್ನು 2013ರಲ್ಲಿ ತಡೆಯಲಾಯಿತು. ರೆಕ್ಕೆಗಳ ರಫ್ತನ್ನು 2015ರಲ್ಲಿ ನಿಷೇಧಿಸಲಾಯಿತು. ಗುಜರಾತಿನಲ್ಲಿ ಒಮ್ಮೆ ತಿಮಿಂಗಿಲ ಶಾರ್ಕನ್ನು ಬೇಟೆಯಾಡುತ್ತಿದ್ದ ಮೀನುಗಾರರೇ 2004ರಲ್ಲಿ ಆರಂಭವಾದ ಜಾಗೃತಿ ಆಂದೋಲನದ ಬಳಿಕ ಬಲೆಯನ್ನು ತಾವೇ ಕತ್ತರಿಸಿ ನೂರಾರು ಶಾರ್ಕ್‌ಗಳನ್ನು ಬಿಡುಗಡೆ ಮಾಡಿದ್ದಾರೆ. ತವರಿಗೆ ಹೆರಿಗೆಗೆ ಬರುವ ಮಗಳೆಂಬ ಭಾವದಿಂದ ಅವರು ಅದನ್ನು ‘ವಾಲಿ’, ಎಂದರೆ ಪ್ರೀತಿಯವಳು ಎಂದು ಕರೆಯುತ್ತಾರೆ. ಕಪ್ಪುತುದಿಯ ಶಾರ್ಕ್ ಒಮ್ಮೆಗೆ ಹಾಕುವುದು ಎರಡರಿಂದ ಐದು ಮರಿಗಳನ್ನು ಮಾತ್ರ. ಸಾವಿರಾರು ಮೊಟ್ಟೆಯಿಡುವ ಬಂಗುಡೆಯಂತೆ ಅದರ ಸಂಖ್ಯೆ ಬೇಗ ಚೇತರಿಸಿಕೊಳ್ಳುವುದಿಲ್ಲ.

ಖರ್ಚಿಗೆ ಅನುಕೂಲವಿಲ್ಲದವರಿಗೆ

ಮುಳುಗು ಯಾತ್ರೆ ಅಗ್ಗದ್ದಲ್ಲ. ಕೂಲಿ ಮಾಡಿ ಮಕ್ಕಳನ್ನು ಓದಿಸುವ ಅನೇಕ ಮನೆಗಳಿಗೆ ಎಟುಕದ್ದು. ಅಂತಹ ಮಕ್ಕಳು ಕಡಲಿನ ಅರಿವಿನಿಂದ ಹೊರಗುಳಿಯಬೇಕಾಗಿಲ್ಲ. ಡಿಸೆಂಬರ್‌ನಿಂದ ಫೆಬ್ರುವರಿಯ ಒಂದು ಮುಂಜಾನೆ ಗಾಲ್ಜಿಬಾಗ್ ದಡಕ್ಕೆ ಹೋದರೆ ಆಲಿವ್ ರಿಡ್ಲೆ ಆಮೆಗಳ ಮೊಟ್ಟೆಗಳನ್ನು ಅರಣ್ಯ ಇಲಾಖೆ ಬೇಲಿಯಿಟ್ಟು ಕಾಯುವುದನ್ನು ಕಾಣಬಹುದು. ಚಾವಡಿಯ ಮೀನು ಮಾರುಕಟ್ಟೆಯಲ್ಲಿ ಮೋರಿಯನ್ನು ಗುರುತಿಸಿ, ಅದರ ಕಿವಿರಿನ ಸೀಳುಗಳನ್ನು ಎಣಿಸಿ, ಎಲುಬಿನ ಬದಲು ಮೃದ್ವಸ್ಥಿಯಿರುವುದನ್ನು ನೋಡಿ ಟಿಪ್ಪಣಿ ಬರೆಯುವುದು ಒಂದು ಒಳ್ಳೆಯ ವಿಜ್ಞಾನ ಪಾಠ. ಶಾಲೆಗಳು ಈಜು ಕಲಿಕೆಗೆ ಒಂದಿಷ್ಟು ಅವಕಾಶ ಕಲ್ಪಿಸಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಹೊರಡುವ ಕುಟುಂಬಗಳು ಈ ಕ್ರಮ ಅನುಸರಿಸಲಿ: ಆಗಸ್ಟ್‌ನಿಂದ ಈಜಿನ ಅಭ್ಯಾಸ, ನವೆಂಬರ್‌ನಲ್ಲಿ ವೈದ್ಯರ ಭೇಟಿ ಮತ್ತು ವಿಚಾರಣೆ, ಜನವರಿಯ ಅಷ್ಟಮಿಯ ಸಮೀಪದ ಒಂದು ವಾರಾಂತ್ಯಕ್ಕೆ ಕಾಯ್ದಿರಿಸುವಿಕೆ, ಹಿಂದಿನ ದಿನ ಹವಾಮಾನದ ಪರಿಶೀಲನೆ, ದೋಣಿಯೇರುವ ಮೊದಲು ಪ್ರತಿ ಸನ್ನೆಯ ಅರ್ಥವನ್ನು ಮಗುವಿನ ಬಾಯಿಂದಲೇ ಕನ್ನಡದಲ್ಲಿ ಹೇಳಿಸುವುದು. ಇಷ್ಟಾದ ಮೇಲೆ ಶಾರ್ಕ್ ಕಂಡರೆ ಸಂತೋಷ. ಕಾಣದಿದ್ದರೆ ಮುಂದಿನ ಚಳಿಗಾಲಕ್ಕೆ ಇನ್ನೊಮ್ಮೆ ಹೋಗಬಹುದು.